ತೆಂಗಿನ ಬುಡಕ್ಕೆ ಸುರಿದ ನೀರು

ಹಿರೀಸಾವೆ, ಶನಿವಾರ

ತಮ್ಮ ದೇವರಾಜನಿಗೆ ಅಕ್ಕನ ಆಶೀರ್ವಾದ.

ಇವತ್ತು ನನ್ನದು ಒಪ್ಪತ್ತು. ಬಾಗಿಲು ಸಾರಿಸಿ, ರಂಗೋಲಿ ಬಿಟ್ಟು, ಹಾಲನ್ನು ಡೈರಿಗೆ ಹಾಕಿ ಬಂದು ಬರೆಯುತ್ತಿದ್ದೇನೆ. ಫೋನು ಮಾಡಿದರೆ ನೀನು ಎತ್ತುತ್ತಿಲ್ಲ.

ಹೋದ ಶನಿವಾರ ಮಧ್ಯಾಹ್ನ ನೀನು ಬಂದೆ. ಇದ್ದಕ್ಕಿದ್ದಂತೆ ಗೆಳೆಯರ ಜೊತೆ ಹೊರಟು, ರಾತ್ರಿಯೆಲ್ಲ ಕುಂದಾಪುರದ ಹತ್ತಿರ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಮೀನು ಹಿಡಿದು, ನೇರ ನನ್ನ ಮನೆಗೇ ಬಂದಿದ್ದೆ. ಕಾಲಿನ ಮರಳೂ ಉದುರಿರಲಿಲ್ಲ.

"ಶನಿವಾರ ಮೀನು ತಗಂಡು ಬಂದಿದ್ದೀಯಲ್ಲೋ! ನನ್ನ ಒಸಲು ತುಳೀಬ್ಯಾಡ, ಓಗು" ಎಂದು ನಾನು ನಿನ್ನ ಗೆಳೆಯರ ಮುಂದೆಯೇ ಅಂದುಬಿಟ್ಟೆ.

"ಮೀನು ಬ್ಯಾಡ ಅಂದ್ರೆ ಇದನ್ನಾರ ಮಡಿಕೋ ಕಣಕ್ಕ" ಎಂದು ನೀನು ನಗುತ್ತಲೇ ಕ್ಯಾನೊಂದನ್ನು ಜಗಲಿಯ ಮೇಲಿಟ್ಟು ಹೋದೆ. ನಾನು ಮೂಸಿ ನೋಡಿದೆ, ಮೀನಿನ ವಾಸನೆ. ಮೀನು ತೊಳೆದ ನೀರು ಕೊಟ್ಟು ಹಂಗಿಸಿದೆಯೆಂದುಕೊಂಡು ಅಷ್ಟನ್ನೂ ತೆಂಗಿನ ಬುಡಕ್ಕೆ ಸುರಿದೆ.

ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಮನೆಯವಳು ಲತಾ ಸಿಕ್ಕಿದಳು. "ಅತ್ಗೆ, ಸಮುದ್ರದ ನೀರಲ್ಲಿ ಸ್ನಾನ ಮಾಡುದ್ರಾ? ನಿಮ್ಗೆ ಅಂತ್ಲೇ ತುಂಬ್ಕೊಂಡು ಬಂದ್ರು" ಅಂದಳು.

ಸಾಯುವುದರೊಳಗೆ ಒಂದು ಸಲ ಸಮುದ್ರಸ್ನಾನ ಮಾಡಬೇಕೆಂದು ನಾನು ಯಾವಾಗಲೋ ಅಂದಿದ್ದೆ. ನಾನೇ ಮರೆತಿದ್ದೆ.

ಬಸ್ಸು ಬಂತೆಂದು ಹೇಳಿ ಹತ್ತಿಬಿಟ್ಟೆ. ಕ್ಯಾನು ತೊಳೆದಿಟ್ಟಿದ್ದೇನೆ. ಅದನ್ನು ಒಯ್ಯಲು ನೀನೇ ಬಾ. ಶನಿವಾರವಾದರೂ ಸರಿ, ಬಾ.

ನಿನ್ನ ಅಕ್ಕ,
ಪುಟ್ಟಲಕ್ಷ್ಮಮ್ಮ