ಗಂಗೆಪೂಜೆಗೆ ಬಾವಿ ತುಂಬಿದೆ

ಬೂದಿಗೆರೆ,
೧೨ ಜನವರಿ ೨೦೨೫

ಮುದ್ದಿನ ಮಗಳು ನವ್ಯಶ್ರೀಗೆ,

ಹೇಗಿದ್ದೀಯ ತಾಯಿ? ಆಸ್ಪತ್ರೆಯ ಪಾಳಿ ಮುಗಿಸಿ ಹಾಸ್ಟೆಲ್‌ಗೆ ಬಂದು ಬರೀ ಟೀ ಕುಡಿದು ಮಲಗುತ್ತೀಯಂತೆ, ನಿನ್ನ ಅಣ್ಣ ವಸಂತ್ ಚಾಡಿ ಹೇಳಿದ. ಮದುವೆಗೆ ಇನ್ನೊಂದೇ ತಿಂಗಳು. ಕೆನ್ನೆ ಒಳಗೆ ಹೋದರೆ ಬೀಗರು ನನ್ನನ್ನು ಆಡಿಕೊಳ್ಳುತ್ತಾರೆ. ಹಿತಕಿದ ಬೇಳೆ ಸಾರು ಅವನ ಕೈಲಿ ಕಳಿಸುತ್ತಿದ್ದೇನೆ. ಗೆಳತಿಯರಿಗೆಲ್ಲ ಹಂಚಿ ನೀನು ಬೆರಳು ನೆಕ್ಕಿಕೊಂಡು ಕೂರಬೇಡ. ಫೋನ್ ಬಿಟ್ಟು ಕಾಗದ ಯಾಕೆ ಅಂತೀಯಾ? ಫೋನ್ ಹಿಡಿದರೆ ಸಾಕು, ನಿಮ್ಮಪ್ಪ ಪಕ್ಕದಲ್ಲೇ ಕಿವಿ ಕೊಟ್ಟು ಕೂತಿರುತ್ತಾರೆ.

ನಮ್ಮ ತೋಟದ ಬಾವಿಗೆ ನೀರು ಬಂದಿದೆ ಕಣೇ! ನೀನು ಹುಟ್ಟಿದಾಗಿನಿಂದ ಒಣಗಿ ನಿಂತಿದ್ದ ಬಾವಿ. ಬೆಂಗಳೂರಿನ ಬಚ್ಚಲು ನೀರನ್ನೆಲ್ಲ ಶುದ್ಧಿ ಮಾಡಿ ಪೈಪಿನಲ್ಲಿ ನಮ್ಮ ಕೆರೆಗೆ ಬಿಡುತ್ತಿದ್ದಾರಲ್ಲ, ಅದು ನೆಲದೊಳಗೆ ಇಂಗಿ ಬಾವಿಯ ಒರತೆಗೆ ಸೇರಿದೆ. ಕುಡಿಯೋದಕ್ಕಲ್ಲ ಬಿಡು, ಅದಕ್ಕೆ ಕ್ಯಾನ್ ನೀರೇ. ಆದರೂ ಬಗ್ಗಿ ನೋಡಿದಾಗ ನನ್ನ ಮುಖ ಕಂಡಿತು. ಒಬ್ಬಳೇ ನಿಂತು ನಕ್ಕುಬಿಟ್ಟೆ.

ವಸಂತನ ಮದುವೆ ನೆನಪಿದೆಯಾ? ಬಾವಿ ಬತ್ತಿತ್ತು, ಬೋರ್‌ವೆಲ್ ಕೈಕೊಟ್ಟಿತ್ತು. ಮುತ್ತೈದೆಯರೆಲ್ಲ ಓಲಗದ ಜೊತೆ ಹೋಗಿ, ಟ್ಯಾಂಕರ್ ಲಾರಿಯ ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಗಂಗೆಪೂಜೆ ಮಾಡಿ, ಕಳಶ ತುಂಬಿಸಿಕೊಂಡು ಬಂದೆವಲ್ಲ! ಡ್ರೈವರ್ ಆವಲಪ್ಪ ತಾನೇ ಮದುಮಗನೇನೋ ಅನ್ನುವ ಹಾಗೆ ನಾಚಿಕೊಂಡು ತಾಂಬೂಲ ಇಸಿದುಕೊಂಡ. ಎಲ್ಲರ ಜೊತೆ ನಾನೂ ನಕ್ಕೆ, ಮನಸ್ಸು ಮಾತ್ರ ಒಪ್ಪಲಿಲ್ಲ. ನಿನ್ನ ಮದುವೆಗಾದರೂ ನಮ್ಮ ಬಾವಿಯಿಂದಲೇ ಗಂಗೆ ತರಬೇಕೆಂದು ಹಟ ಹಿಡಿದೆ.

ನಿಮ್ಮಪ್ಪ ಒಪ್ಪಬೇಕಲ್ಲ! "ಬೆಂಗ್ಳೂರ್ನೋರು ಮಿಂದಿದ್ ನೀರಿಗೆ ಪೂಜೆ ಮಾಡ್ತೀಯೇನೇ?" ಎಂದು ಕೂಗಾಡಿದರು. ಅಷ್ಟರಲ್ಲಿ ನೀರು ಮಾರುವ ಟ್ಯಾಂಕರ್ ಬೈರಪ್ಪ ಮೂಸಿಕೊಂಡು ಬಂದ. ಬಾವಿಗೆ ಮೋಟಾರ್ ಇಳಿಸಿ ಹೊಸ ಅಪಾರ್ಟ್‌ಮೆಂಟಿನವರಿಗೆ ನೀರು ಹೊಡೆಯುತ್ತಾನಂತೆ. "ಪೂಜೆಗಾಗ್ದಿರೋ ನೀರು, ಮಾರಿದ್ರೇನು" ಎಂದು ಇವರು ಅರ್ಧ ಒಪ್ಪಿ ತಲೆಯನ್ನೂ ಆಡಿಸಿಬಿಟ್ಟರು. ಅವನ ಮೋಟಾರ್ ಇಳಿದರೆ ನಿನ್ನ ಮದುವೆ ಹೊತ್ತಿಗೆ ಬಾವಿಯಲ್ಲಿ ಕೆಸರೇ ಗತಿ. ನನಗೆ ರೇಗಿಹೋಯಿತು. "ಬೆಂಗ್ಳೂರ್ನೋರು ಅಂದ್ರೆ ಯಾರ್ರೀ? ನಿಮ್ ಮಗಳೂ ಅಲ್ಲೇ ಅಲ್ವಾ ದಿನಾ ಸ್ನಾನ ಮಾಡೋದು?" ಎಂದೆ. ಎದ್ದು ತೋಟಕ್ಕೆ ಹೋದರು. ಬಾವಿಕಟ್ಟೆಯ ಮೇಲೆ ಬಹಳ ಹೊತ್ತು ಕೂತಿದ್ದರು. ಮಾರನೇ ದಿನ ಬೈರಪ್ಪ ಬಂದಾಗ ಏನೆಂದರು ಗೊತ್ತಾ? "ನನ್ ಮಗಳಿಗಿಂತ ಮುಂಚೆ ಅವಳ ನೀರೇ ತವರಿಗೆ ಬಂದೈತೆ ಕಣಪ್ಪಾ. ಹೆಂಗ್ ಮಾರ್ಲಿ?" ನಾನು ಒಲೆ ಮುಂದೆ ಕೂತು ಖುಷಿಗೆ ಅತ್ತೇಬಿಟ್ಟೆ.

ಈಗ ನೋಡಬೇಕು ಅವರನ್ನು! ತಾವೇ ಇಳಿದು ಬಾವಿಯ ಕಸ ತೆಗೆದರು, ಕಟ್ಟೆಗೆ ಸುಣ್ಣ ಹೊಡೆದರು. ಗಂಗೆಪೂಜೆ ತಮ್ಮದೇ ಯೋಚನೆ ಅನ್ನುವ ಹಾಗೆ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಾರೆ.

ಚೌಡೇಶ್ವರಿ ತಾಯಿ ನಿನ್ನನ್ನು ನಗುನಗುತ್ತಾ ಇಟ್ಟಿರಲಿ. ಗೆಳತಿಯರನ್ನೆಲ್ಲ ಮದುವೆಗೆ ಕರೆದುಕೊಂಡೇ ಬಾ.

ನಿನ್ನ ಅಮ್ಮ,
ಮುನಿವೆಂಕಟಮ್ಮ

ತಾ.ಕ.: ವಸಂತ್ ಆಗಲೇ ಗಾಡಿ ಸ್ಟಾರ್ಟ್ ಮಾಡಿ ಹಾರ್ನ್ ಹೊಡೆಯುತ್ತಿದ್ದಾನೆ. ಮುಖ್ಯವಾದ ಮಾತೇ ಉಳಿದುಹೋಯಿತು. ಬೈರಪ್ಪ ಬಿಡದೆ ಕಾಡಿದ್ದಕ್ಕೆ ನಿಮ್ಮಪ್ಪ "ಮದ್ವೆ ಮುಗೀಲಿ, ಆಮೇಲ್ ನೋಡಾಣ" ಅಂದುಬಿಟ್ಟಿದ್ದಾರೆ! ಮಗುವಾದ ಮೇಲೆ ಮಾಡುವ ಬಾಣಂತಿ ಗಂಗೆಪೂಜೆಗೂ ತುಂಬಿದ ಬಾವಿ ಬೇಕಲ್ಲವೇನೇ? ಅಳಿಯಂದಿರಿಗೂ ತಿಳಿಸಿಬಿಡು, ತಡ ಮಾಡಬೇಡಿ. ನೀನು ಹೆರುತ್ತಾ ಇರು, ಮೋಟಾರ್ ಇಳಿಯದ ಹಾಗೆ ನಾನು ನೋಡಿಕೊಳ್ಳುತ್ತೇನೆ.