ಜೈಸಲ್ಮೇರದಿಂದ ಮಾಂಡವಿಗೆ ಐದು ದಿನ

ಜಮಖಂಡಿ
೨೮ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ಪವಮಾನ,

ಹೇಗಿದ್ದೀಯಪ್ಪಾ? ಹೋದ ತಿಂಗಳು ಫೋನಿನಲ್ಲಿ ಕೆಮ್ಮುತ್ತಿದ್ದೆ, ಈಗ ಕಡಿಮೆಯಾಗಿದೆಯೇ? ಜೈಸಲ್ಮೇರದಲ್ಲಿ ಹಗಲು ಬಿಸಿಲು, ಸಂಜೆಗೆ ಕೊರೆಯುವ ಚಳಿ ಎಂದು ಟಿವಿಯಲ್ಲಿ ಹೇಳುತ್ತಿದ್ದರು. ಗಾಳಿಯಂತ್ರದ ಕಂಬ ಹತ್ತುವಾಗ ಕಿವಿಗೆ ಮಫ್ಲರ್ ಸುತ್ತಿಕೋ. ನನ್ನ ಮೊಣಕಾಲು ಹಾಗೇ ಇದೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ನಿಮ್ಮಪ್ಪನ ಬಲಗೈ ಮುಷ್ಟಿ ಇನ್ನೂ ಪೂರಾ ಮುಚ್ಚುವುದಿಲ್ಲ. ರೊಟ್ಟಿ ಮುರಿಯಲು ಮಾತ್ರ ಕಲಿತಿದ್ದಾರೆ.

ಫೋನ್ ಇರುವಾಗ ಪತ್ರವೇಕೆ ಎಂದು ಕೇಳುತ್ತೀ. ಫೋನ್ ಮಾಡಿದರೆ ನೀನು "ಆರಾಮ ಅದೀನಿ, ಡ್ಯೂಟಿ ಮ್ಯಾಲ ಅದೀನಿ" ಎಂದು ಇಟ್ಟುಬಿಡುತ್ತೀ. ನಮ್ಮದು ಅಷ್ಟರಲ್ಲಿ ಮುಗಿಯುವ ಮಾತಲ್ಲ.

ನಿಮ್ಮಪ್ಪ ಒಂದು ಪ್ರವಾಸದ ಯೋಜನೆ ಹಾಕಿದ್ದಾರೆ. ಸರ್ವೇ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಊರವರ ಹೊಲ ಅಳೆದವರು ಈಗ ಪಡಸಾಲೆಯ ತುಂಬ ನಕಾಶೆ ಹಾಸಿಕೊಂಡು ಎಡಗೈಯಲ್ಲಿ ಗೆರೆ ಎಳೆಯುತ್ತಾರೆ. ಜನವರಿ ಹತ್ತಕ್ಕೆ ಮಿರಜದಲ್ಲಿ ರೈಲು ಹತ್ತಿ ಜೋಧಪುರ, ಅಲ್ಲಿಂದ ನಿನ್ನ ಊರು. ಆಮೇಲೆ ಬಾಡಿಗೆ ಕಾರಿನಲ್ಲಿ ಬಾಡಮೇರ, ಸಾಂಚೋರ, ರಾಧನಪುರ, ಭುಜ್, ಕೊನೆಗೆ ಮಾಂಡವಿಯ ಸಮುದ್ರ. ಮರಳು ಮುಗಿದು ನೀರು ಸಿಗುವವರೆಗೆ ಏಳುನೂರು ಕಿಲೋಮೀಟರು. ಎರಡು ದಿನದಲ್ಲಿ ಮುಗಿಯುವ ದಾರಿಗೆ ಅವರು ಐದು ದಿನ ಹಿಡಿದಿದ್ದಾರೆ. "ಅಷ್ಟು ಯಾಕ್ರಿ?" ಎಂದರೆ, "ಸಾವಕಾಶ ಹೋಗೋಣು" ಎನ್ನುತ್ತಾರೆ. ಡ್ರೈವರನನ್ನು ಗೊತ್ತು ಮಾಡೋಣ ಎಂದರೆ ಮುಖ ಗಂಟು ಹಾಕಿಕೊಳ್ಳುತ್ತಾರೆ. "ಪವಮಾನನ ನಡಸಬೇಕು. ಇಲ್ಲಂದ್ರ ಪ್ರವಾಸನ ಬ್ಯಾಡ."

ಎರಡು ವರ್ಷದ ಹಿಂದೆ ಬೀಳಗಿ ರಸ್ತೆಯ ಅಪಘಾತವಾದಂದಿನಿಂದ ನೀನು ಗಾಡಿ ಮುಟ್ಟಿಲ್ಲ ಎಂಬುದು ನನಗೆ ಗೊತ್ತು. ಅವರೂ ಅಂದಿನಿಂದ ಕಾರು ಹತ್ತಿರಲಿಲ್ಲ. ಬಾಗಲಕೋಟೆಗೆ ಡಾಕ್ಟರ ಹತ್ತಿರ ಹೋದರೂ ಬಸ್ಸೇ. ಅದಕ್ಕೆ ರೂಢಿ ಆಗಲಿ ಎಂದು ಹೋದ ರವಿವಾರ ಎದುರುಮನೆಯ ಶಿವಾಜಿಯನ್ನು ಕರೆದು, ಅವನ ಟ್ಯಾಕ್ಸಿಯಲ್ಲಿ ಮುಧೋಳದವರೆಗೆ ಹೋಗಿಬರಲು ಹೊರಟೆವು. ಅವರು ಹಟ ಮಾಡಿ ಮುಂದಿನ ಸೀಟಿನಲ್ಲಿ ಕೂತರು, ನಾನು ಹಿಂದೆ. ಅರ್ಧ ದಾರಿಯಲ್ಲಿ ಅಡ್ಡರಸ್ತೆಯಿಂದ ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆದುಕೊಂಡು ಒಮ್ಮೆಲೇ ಮೇಲೆ ಬಂತು. ಶಿವಾಜಿ ಬ್ರೇಕ್ ಹಾಕಿದ, ಯಾರಿಗೂ ಏನೂ ಆಗಲಿಲ್ಲ. ಆದರೆ ನಿಮ್ಮಪ್ಪನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಇಳಿದವರು ಮತ್ತೆ ಹತ್ತಲಿಲ್ಲ. ಇಬ್ಬರೂ ಬಸ್ಸಿನಲ್ಲಿ ಮನೆಗೆ ಬಂದೆವು. ಇನ್ನು ಪ್ರವಾಸದ ಮಾತು ಮುಗಿಯಿತು ಎಂದುಕೊಂಡಿದ್ದೆ. ಮರುದಿನವೇ ಹೋಗಿ ರೈಲಿನ ಟಿಕೆಟ್ ಮಾಡಿಸಿಕೊಂಡು ಬಂದರು.

ಆದ್ದರಿಂದ ನೀನು ಆರು ದಿನ ರಜೆ ಹಾಕಬೇಕು. ಈಗಿನಿಂದಲೇ ದಿನಾ ಸ್ವಲ್ಪ ಹೊತ್ತು, ಜನರಿಲ್ಲದ ಕಡೆ, ಕಂಪನಿಯ ಗೆಳೆಯರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಗಾಡಿ ಓಡಿಸಿ ನೋಡು. ನಾನು ಶೇಂಗಾ ಹಿಂಡಿ, ಕಟಕ ರೊಟ್ಟಿ ಕಟ್ಟಿಕೊಂಡು ಬರುತ್ತೇನೆ. ಇನ್ನೇನಾದರೂ ಬೇಕಿದ್ದರೆ ಬರೆ.

ಮೈ ಜೋಪಾನ. ಹೊತ್ತಿಗೆ ಸರಿಯಾಗಿ ಉಣ್ಣು. ನಿಮ್ಮಪ್ಪ ನಿನ್ನ ಹೆಸರು ಹೇಳಿ ದೇವರಿಗೆ ಹೂವು ಏರಿಸುವುದನ್ನು ಒಂದು ದಿನವೂ ತಪ್ಪಿಸಿಲ್ಲ. ಆ ದೇವರು ನಿನ್ನನ್ನು ಕಾಯಲಿ.

ನಿನ್ನ ಅವ್ವ,
ತುಳಸಾಬಾಯಿ

ತಾ.ಕ.: ಇಲ್ಲಿಯವರೆಗಿನದನ್ನು ನಿಮ್ಮಪ್ಪ ಓದಿದ್ದಾರೆ. ಈಗ ಲಕೋಟೆ ತರಲು ಪೋಸ್ಟಿಗೆ ಹೋದರು. ಅವರು ಬರುವುದರೊಳಗೆ ಉಳಿದದ್ದನ್ನು ಬೇರೆ ಹಾಳೆಯಲ್ಲಿ ಬರೆಯುತ್ತೇನೆ, ಅಕ್ಷರ ಕೆಟ್ಟರೆ ಸುಧಾರಿಸಿಕೋ.

ಟ್ರ್ಯಾಕ್ಟರ್ ಬಂದಾಗ ಅವರು ಬರೀ ಬೆವರಲಿಲ್ಲ. ಎಡಗೈ ಚಾಚಿ ಶಿವಾಜಿಯ ಸ್ಟೇರಿಂಗ್ ಹಿಡಿದು ಎಳೆದರು. ಅವನು ಅವರ ಕೈ ಕಿತ್ತು ತೆಗೆದು, "ಕಾಕಾ, ಹಿಂಗ ಮಾಡಿದ್ರ ಎಲ್ಲಾರೂ ಸಾಯತೀವ್ರಿ" ಎಂದ. ಮನೆಗೆ ಬಂದು ಕೈಕಾಲು ತೊಳೆದವರು ತಾವಾಗಿಯೇ ಹೇಳಿದರು.

"ತುಳಸಾ, ಅವತ್ತ ಬೀಳಗಿ ರಸ್ತಾದಾಗ ಕುರಿ ಅಡ್ಡ ಬಂದಾಗ ಪವಮಾನ ಬ್ರೇಕ್ ಹಾಕಿದ್ದ. ಗಾಡಿ ನಿಲ್ಲಾಕತ್ತಿತ್ತು. ನಾನ ಹೆದರಿ ಸ್ಟೇರಿಂಗ್ ಎಳದೆ."

"ಎರಡು ವರ್ಷ ಯಾಕ ಬಾಯಿ ಬಿಡಲಿಲ್ಲರಿ?"

"ದವಾಖಾನ್ಯಾಗ ನೀ ಅವಗ ಅಂದ್ಯಲ್ಲ, ಅಂವ 'ನಂದ ತಪ್ಪು' ಅಂತ ಒಪ್ಪಿಕೊಂಡ. ನಾ ಕಣ್ಣು ಮುಚ್ಚಿ ಮಲಗಿದ್ದೆ, ಎಚ್ಚರ ಇತ್ತು. ನಾಳೆ ಹೇಳೋಣು ಅಂತ ಬಿಟ್ಟೆ. ನಾಳೆ ನಾಳೆ ಅನ್ನೂದ್ರಾಗ ಅಂವ ವರ್ಗ ಮಾಡಿಸಿಕೊಂಡು ಹೋದ."

ಪವಮಾನ, ಆ ದಿನ ಬಳಗದವರೆಲ್ಲರ ಎದುರು "ಅಪ್ಪನ ಕೈ ಮುರದಿ, ಇನ್ನ ಜೀವಾ ತಗೀತೀಯೇನು" ಎಂದವಳು ನಾನು. ನೀನು ತಲೆ ತಗ್ಗಿಸಿ ನಿಂತದ್ದು ಈಗ ಕಣ್ಣಿಗೆ ಕಟ್ಟಿದ ಹಾಗಿದೆ. ನಿನಗೆ ಎಲ್ಲ ಗೊತ್ತಿತ್ತು, ಆದರೂ ನನ್ನ ಮಾತು ನುಂಗಿಕೊಂಡೆ. ತಾಯಿಯಾಗಿ ಒಂದು ಸಲ "ಏನಾತು?" ಎಂದು ಕೇಳಲಿಲ್ಲ. ಅದು ನನ್ನ ತಪ್ಪು. ಹೊಟ್ಟೆಗೆ ಹಾಕಿಕೋ ಎನ್ನಲು ಧೈರ್ಯವಿಲ್ಲ, ಆದರೆ ಕೇಳುತ್ತಿದ್ದೇನೆ.

ನಿನಗೆ ಬರೆಯಬಾರದು, ತಾವೇ ಹೇಳುವುದಾಗಿ ಅವರು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. "ಎದುರಾಎದುರು ಕೂತ್ರ ನನ್ನ ಬಾಯಾಗ ಮಾತು ಬರಂಗಿಲ್ಲ. ಗಾಡ್ಯಾಗಾದ್ರ ಇಬ್ಬರೂ ರಸ್ತಾ ನೋಡಾಕತ್ತಿರತೀವಿ" ಎಂದರು. ಐದು ದಿನ ಯಾಕೆಂದು ಆಗ ತಿಳಿಯಿತು. ನೀನು ಬರಲಾರೆ ಎಂದುಬಿಟ್ಟರೆ ಎಂಬ ಹೆದರಿಕೆಗೆ ಮಾತು ಮುರಿದು ಬರೆಯುತ್ತಿದ್ದೇನೆ. ನೀನು ಏನೂ ಗೊತ್ತಿಲ್ಲದವನ ಹಾಗೆ ಇರು. ಅವರು ಶುರು ಮಾಡಿದಾಗ "ಇರಲಿ ಬಿಡಪ್ಪ" ಎಂದು ನಡುವೆ ತಡೆಯಬೇಡ, ಪೂರಾ ಹೇಳಲಿ. ಸಿಟ್ಟು ಬಂದರೆ ಸಿಟ್ಟೂ ಮಾಡು, ಅದನ್ನು ಕೇಳಲಿಕ್ಕೆಂದೇ ಅವರು ಅಷ್ಟು ದೂರ ಬರುತ್ತಿದ್ದಾರೆ. ನಾನು ಹಿಂದಿನ ಸೀಟಿನಲ್ಲಿ ನಿದ್ದೆ ಹತ್ತಿದವಳ ಹಾಗೆ ಇರುತ್ತೇನೆ.

ಗೇಟಿನ ಸಪ್ಪಳವಾಯಿತು. ಪತ್ರ ಮುಟ್ಟಿದ ದಿನ ಫೋನ್ ಮಾಡು. ನನಗಲ್ಲ, ಅವರ ನಂಬರಿಗೆ ಮಾಡು.