ತಾರಸಿಯ ಮೇಲಿನ ತಾಮ್ರದ ತಂತಿ

೪ ನವೆಂಬರ್, ಮಂಗಳವಾರ

ಪ್ರೀತಿಯ ಪುಟ್ಟೀ,

ಅಕ್ಟೋಬರ್ ಹನ್ನೆರಡನೇ ತಾರೀಖು ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, ನಮ್ಮ ಕಟ್ಟಡದ ನಿವಾಸಿಗಳ ಸಭೆಯಲ್ಲಿ, ಮೂವತ್ತೇಳು ಜನರೆದುರು ನೀನು ಎದ್ದು ನಿಂತು ಒಂದು ಮಾತು ಹೇಳಿದೆ: "ನಮ್ಮಕ್ಕನ ತಂತಿ ನಮ್ಮನೆಯವರನ್ನ ತಗೊಂಡು ಹೋಯ್ತು." ಕಾರ್ಯದರ್ಶಿಗಳು ಅದನ್ನು ನಡಾವಳಿ ಪುಸ್ತಕಕ್ಕೆ ಇಳಿಸಿದರು. 'ಸದರಿ ತಂತಿಯ ತರಂಗಗಳಿಂದ ಒಂದು ಸಾವು ಸಂಭವಿಸಿರುತ್ತದೆ' ಎಂದಿದೆ. ನಾನು ಪುಸ್ತಕ ತರಿಸಿ ನೋಡಿದೆ. ಅಚ್ಚುಕೂಟದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವಳು ನಾನು. ಒಮ್ಮೆ ಬರಹಕ್ಕಿಳಿದ ಸುಳ್ಳು ಎಷ್ಟು ಕಾಲ ಬಾಳುತ್ತದೆಂದು ನನಗೆ ಗೊತ್ತು.

ನಾವು ಎದುರುಬದುರು ಬಾಗಿಲಿನವರು. ಆ ಸಭೆಯಿಂದೀಚೆಗೆ ನಾನು ಎಷ್ಟು ತಟ್ಟಿದರೂ ನೀನು ಬಾಗಿಲು ತೆಗೆದಿಲ್ಲ. ಅದಕ್ಕೇ ಈ ಕಾಗದವನ್ನು ಬಾಗಿಲ ಸಂದಿಯಲ್ಲಿ ತೂರಿಸುತ್ತಿದ್ದೇನೆ. ಹರಿದು ಹಾಕುವುದಿದ್ದರೆ ಓದಿ ಆದಮೇಲೆ ಹರಿ.

ಮನೆಯಲ್ಲೊಂದು ಹವ್ಯಾಸಿ ರೇಡಿಯೊ ಕೇಂದ್ರ ಇಡಬೇಕು, ಮುಖ ಕಾಣದವರ ಜೊತೆ ಮಾತಾಡಬೇಕು ಅನ್ನುವುದು ನಿವೃತ್ತಿಯ ನಂತರ ನನಗೆ ಹಿಡಿದ ಹುಚ್ಚು. ಅದರ ಪರೀಕ್ಷೆಗೆ ನನ್ನನ್ನು ತಯಾರು ಮಾಡಿದವರು ನಿಮ್ಮನೆಯವರೇ. ನಿನ್ನ ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಪ್ರಶ್ನೆ ಕೇಳುತ್ತಿದ್ದರು. ನಾನು ತಡವರಿಸಿದರೆ, ಅಕ್ಕ ಫೇಲು, ಬೆಂಚು ಹತ್ತಲಿ ಅನ್ನುತ್ತಿದ್ದರು. ಕಟ್ಟಿಕೊಂಡವಳ ಜೊತೆ ಎರಡು ಮಾತಾಡೋಕೆ ಬಾಯಿಲ್ಲ, ಆಕಾಶದ ಜೊತೆ ಹರಟೆ ಬೇಕಂತೆ ಎಂದು ನೀನು ಅಡುಗೆಮನೆಯಿಂದಲೇ ಅವರನ್ನು ಚುಚ್ಚುತ್ತಿದ್ದೆ. ಮೂವರೂ ನಗುತ್ತಿದ್ದೆವು.

ಈಗ ಆ ರೇಡಿಯೊಗೆ ಆಂಟೆನಾ ಆಗಬೇಕಿದ್ದ ತಂತಿಯ ವಿಚಾರ. ಸೆಪ್ಟೆಂಬರ್ ಇಪ್ಪತ್ತಮೂರರಂದು ತಾರಸಿಯ ಮೇಲೆ ಏರಿದ್ದು ಇಪ್ಪತ್ತು ಮೀಟರ್ ತಾಮ್ರದ ತಂತಿ, ಎರಡು ಕಬ್ಬಿಣದ ಕಂಬ, ತಂತಿಯ ನಡುವಿನಿಂದ ಕೆಳಗಿಳಿದ ಒಂದು ಕೇಬಲ್. ಅಷ್ಟೇ. ಆ ಕೇಬಲ್ಲಿನ ತುದಿ ಪ್ಲಾಸ್ಟಿಕ್ ಚೀಲ ಸುತ್ತಿಸಿಕೊಂಡು ಇವತ್ತಿಗೂ ನನ್ನ ಕಿಟಕಿಯ ಹೊರಗೆ ನೇತಾಡುತ್ತಿದೆ. ಒಳಗೆ ತರಲು ಗೋಡೆಗೆ ತೂತನ್ನೇ ಕೊರೆಸಿಲ್ಲ. ಲೈಸೆನ್ಸ್ ಇನ್ನೂ ಬಂದಿಲ್ಲ. ಅದನ್ನು ತೋರಿಸದೆ ಅಂಗಡಿಯವರು ರೇಡಿಯೊ ಸೆಟ್ಟು ಕೊಡುವುದಿಲ್ಲ. ಅಂದರೆ ನನ್ನ ಮನೆಯಲ್ಲಿ ರೇಡಿಯೊವೇ ಇಲ್ಲ. ತಾರಸಿಯಲ್ಲಿ ಈ ತಂತಿಯ ಪಕ್ಕದಲ್ಲೇ ನೀನು ಬಟ್ಟೆ ಒಣಹಾಕುವ ತಂತಿಯಿಂದ ಎಷ್ಟು ತರಂಗ ಹೊರಡುತ್ತದೋ ಇದರಿಂದಲೂ ಅಷ್ಟೇ.

ಆದರೂ ಎರಡನೇ ಮಹಡಿಯ ಓವರ್‌ಸಿಯರ್ ತಮ್ಮ ಟಿ.ವಿ.ಯಲ್ಲಿ ನನ್ನ ದನಿ ಕೇಳಿಸಿತೆಂದು ಸಭೆಯಲ್ಲಿ ಸಾಕ್ಷಿ ನುಡಿದರು. ಏನು ಮಾತಾಡುತ್ತಿದ್ದೆ ಎಂದು ಕೇಳಿದೆ. "ಸ್ಪಷ್ಟವಾಗಿ ಕೇಳಿಸ್ಲಿಲ್ಲ, ಆದ್ರೆ ಯಾರಿಗೋ ಬೈತಾ ಇದ್ರಿ" ಅಂದರು. ಹದಿನೆಂಟು ವರ್ಷದ ಹಿಂದೆ, ಲಿಫ್ಟ್ ಹಾಕಿಸಿದರೆ ಕಟ್ಟಡ ವಾಲುತ್ತದೆ ಎಂದು ಮನೆಮನೆಗೆ ಹೋಗಿ ಸಹಿ ಮಾಡಿಸಿಕೊಂಡವರೂ ಇದೇ ಮಹಾನುಭಾವರು. ಈಗ ಒಂದು ಮಹಡಿಗೂ ಲಿಫ್ಟೇ ಬೇಕು. ಎದುರು ಕಟ್ಟಡದ ನೆತ್ತಿಯ ಮೇಲೆ ಮೊಬೈಲ್ ಟವರ್ ಹಗಲಿರುಳು ದುಡಿಯುತ್ತಿದೆ. ಅದರ ಬಗ್ಗೆ ಒಬ್ಬರೂ ತುಟಿ ಬಿಚ್ಚಲಿಲ್ಲ.

ಅವರ ಮಾತು ಬಿಡು. ನೀನು ಅವರ ಸಾಲಿಗೆ ಹೇಗೆ ಸೇರಿದೆ? ನಾಲ್ಕು ವರ್ಷದಿಂದ ನಿಮ್ಮನೆಯವರ ಹೃದಯದ ಮಾತ್ರೆಗಳನ್ನು ಬೆಳಿಗ್ಗೆಯದು, ರಾತ್ರಿಯದು ಎಂದು ವಿಂಗಡಿಸಿ ಕೊಟ್ಟವಳು ನೀನು. ಬೆಳಿಗ್ಗೆ ತಂತಿ ಏರಿತು, ಮಧ್ಯಾಹ್ನ ಅವರು ಕುರ್ಚಿಯಲ್ಲಿ ಕೂತಲ್ಲೇ ಹೋದರು. ಒಂದರ ಹಿಂದೆ ಒಂದು ಬಂದದ್ದಕ್ಕೆ ಒಂದರಿಂದಲೇ ಇನ್ನೊಂದು ಆಯಿತೆಂದು ತೀರ್ಮಾನಿಸಿಬಿಟ್ಟೆ. ಕಂಬ ಕಟ್ಟಿದ್ದು ಯಾರು ಎಂದು ಸಭೆಯಲ್ಲಿ ಅಧ್ಯಕ್ಷರು ಕೇಳಿದಾಗ ನಾನು ಎಲೆಕ್ಟ್ರಿಷಿಯನ್ ಎಂದೆ. ನೀನು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮುಂದಿನ ಸಭೆಯೊಳಗೆ ತಂತಿ ತೆಗೆಯಬೇಕೆಂದು ನಿರ್ಣಯವಾಗಿದೆ. ತೆಗೆಸುತ್ತೇನೆ, ಅದಕ್ಕೇನೂ ನಾನು ಜೋತುಬಿದ್ದಿಲ್ಲ. ನನ್ನನ್ನು ಕಂಡರೆ ಜನ ಲಿಫ್ಟಿನಿಂದ ಇಳಿದು ಮೆಟ್ಟಿಲು ಹಿಡಿಯುತ್ತಾರೆ, ಅದನ್ನೂ ನುಂಗಿಕೊಂಡೇನು. ಅಮ್ಮ ಹೋದಾಗ ನಿನಗೆ ಒಂಬತ್ತು ವರ್ಷ. ಅಂದಿನಿಂದ ನಿನ್ನ ಮದುವೆಯ ದಿನದವರೆಗೆ ನಿನ್ನ ಜಡೆ ಹೆಣೆದದ್ದು ಈ ಕೈ. ಇದೇ ಕೈ ನಿನ್ನ ಗಂಡನ ಜೀವ ತೆಗೆಯಿತೆಂದು ನಿಜಕ್ಕೂ ನಂಬಿದ್ದೀಯಾ? ಬರುವ ಭಾನುವಾರ, ಒಂಬತ್ತನೇ ತಾರೀಖು, ಅದೇ ಸಭೆಯಲ್ಲಿ ಎದ್ದು ನಿಂತು ಉತ್ತರ ಕೊಡು. ಇಲ್ಲದ ತರಂಗ ಅವರನ್ನು ಕೊಲ್ಲಲಿಲ್ಲವೆಂದು ಹೇಳಿ, ನಡಾವಳಿಯ ಆ ಸಾಲನ್ನು ಹೊಡೆದು ಹಾಕಿಸು.

ಇಂತಿ,
ನಿನ್ನ ಅಕ್ಕ

ತಾ.ಕ.: ಮೇಲಿನದನ್ನು ಬೆಳಿಗ್ಗೆ ಬರೆದು, ಮಡಚಿ, ನಿನ್ನ ಬಾಗಿಲವರೆಗೂ ಬಂದೆ. ತೂರಿಸಲಾಗಲಿಲ್ಲ, ವಾಪಸ್ ಬಂದು ಇದನ್ನು ಸೇರಿಸುತ್ತಿದ್ದೇನೆ.

ತಂತಿ ಏರಿದ ಆ ದಿನ ಎಲೆಕ್ಟ್ರಿಷಿಯನ್ ಬರಲಿಲ್ಲ. ನಾಳೆ ಬರುತ್ತೇನೆಂದು ಫೋನ್ ಮಾಡಿದ. ನಿಮ್ಮನೆಯವರು ಪೇಪರ್ ತರುತ್ತೇನೆಂದು ನಿನಗೆ ಹೇಳಿ ಹೊರಟು ನೇರ ತಾರಸಿಗೆ ಬಂದಿದ್ದರು. ಲಿಫ್ಟ್ ಅಲ್ಲಿಯವರೆಗೆ ಹೋಗುವುದಿಲ್ಲ. ಇಪ್ಪತ್ತೆರಡು ಮೆಟ್ಟಿಲು, ಆಮೇಲೆ ಏಣಿ. ಡಾಕ್ಟರ್ ಬೇಡ ಎಂದದ್ದನ್ನು ನೆನಪಿಸಿದೆ, ಒಂದೇ ಒಂದು ಸಲ. "ನೀವೂ ಅವಳ ಥರ ಶುರು ಮಾಡ್ಬೇಡಿ ಅಕ್ಕಾ, ಏಣಿ ಹಿಡ್ಕೊಳ್ಳಿ" ಅಂದರು. ಹಿಡಿದೆ. ಎರಡು ಸಲ ಹತ್ತಿದರು. ಎರಡನೆಯ ಸಲ ಇಳಿದಾಗ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು, ಎಡತೋಳು ಸೆಳೆಯುತ್ತಿದೆ ಅಂದರು. ಕಂಬ ಎತ್ತಿದ್ದಕ್ಕಿರಬೇಕು ಅಂದುಕೊಂಡೆವು. ನಿನಗೆ ಹೇಳಬಾರದೆಂದು ಮಾತು ತೆಗೆದುಕೊಂಡು ಕೆಳಗಿಳಿದರು. ಇಷ್ಟು ದಿನ ಆ ಮಾತಿನ ಹಿಂದೆ ಅಡಗಿ ಕೂತಿದ್ದೆ.

ಭಾನುವಾರ ಬಾ. ನಾನು ನಿನ್ನನ್ನು ಕೇಳುವುದಕ್ಕೆ ಮೊದಲು ನೀನು ನನ್ನನ್ನು ಕೇಳು, ಅಷ್ಟೂ ಜನರೆದುರು: ಏಣಿ ಹಿಡಿದವರು ಯಾರು ಎಂದು. ನನ್ನ ಉತ್ತರವನ್ನೂ ನಡಾವಳಿಯಲ್ಲಿ ಬರೆಸು.